ಮಲ್ಲರ ಶಿರೋಭಿಘಾತವೂ ಚಿತ್ತವ್ಯಂಜಕ ದ್ರವ್ಯಗಳೂ

೧. ವಿಷಯ

ವಿಜಯದಶಮಿಯ ದಿವಸ ಮೈಸೂರು ಅರಮನೆಯ ಒಳ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ವಾಚಕರು ಬಲ್ಲರು. ಅದರಲ್ಲಿ ಸೆಣಸುವ ಜೆಟ್ಟಿಗಳು ಮೈಸೂರು, ಚಾಮರಾಜನಗರ, ಬೆಂಗಳೂರುಗಳಿಂದ ಬರುವಂತೆಯೇ ಚನ್ನಪಟ್ಟಣದಿಂದಲೂ ಬರುತ್ತಾರೆ. ತಲೆಯನ್ನು ಬೋಳಿಸಿ ಜುಟ್ಟನ್ನು ಮಾತ್ರ ಉಳಿಸಿಕೊಂಡು, ಕೈಬೆರಳುಗಳಿಗೆ ಮೊನೆಗಳುಳ್ಳ ಮುಷ್ಟಿಯನ್ನು ತೊಟ್ಟು, ಎದುರಾಳಿಯ ತಲೆಯಲ್ಲಿ ರಕ್ತವನ್ನು ಕಾಣಿಸುವುದೇ ಈ ಕಾಳಗದ ಗುರಿ. ರಕ್ತದ ಹನಿ ಕಾಣಿಸಿದ ಕೂಡಲೆ ಕಾಳಗವು ನಿಲ್ಲತಕ್ಕದ್ದೆಂಬುದು ಅದರ ಕಟ್ಟಳೆ. ಹೊಡೆತದ ಮೇಲೆ ಹೊಡೆತ ಬೀಳದಂತೆ ತಡೆಯುವ ಈ ಕಟ್ಟಳೆಯು ವಿವೇಕದಿಂದ ಹುಟ್ಟಿದುದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ರಕ್ತವು ಕಾಳಗವನ್ನು ನಿಲ್ಲಿಸಲು ಒಳ್ಳೆಯ ಗುರುತಾದರೂ ಗಾಯವನ್ನು ಅಳೆಯಲು ಒಳ್ಳೆಯ ಅಳತೆಯಲ್ಲ. ತಲೆಗೆ ಬಿದ್ದ ಪೆಟ್ಟುಗಳಲ್ಲಿ ಬಹುಕಾಲ ಕಾಡುವಂಥವು ಅನೇಕ ವೇಳೆ ಒಂದು ಹನಿ ರಕ್ತವನ್ನೂ ತೋರಿಸುವುದಿಲ್ಲ. ಮಟ್ಟಿಯನ್ನು ಬಿಟ್ಟು ಹತ್ತಾರು ವರ್ಷಗಳಾದ ಪೈಲ್ವಾನನು ನಲವತ್ತೈದರ ವಯಸ್ಸಿನಲ್ಲಿಯೇ ಹೆಸರುಗಳನ್ನು ಮರೆಯುವುದು, ಅಕಾರಣವಾಗಿ ಸಿಡಿಮಿಡಿಗೊಳ್ಳುವುದು, ನಿದ್ರೆಗೆಡುವುದು ಇವುಗಳನ್ನು ಕಂಡರೆ ಜನರು ಕುಡಿತವೆಂದೋ, ಗ್ರಹಚಾರವೆಂದೋ, ಅರಳುಮರಳೆಂದೋ ಹೇಳಿ ಸುಮ್ಮನಾಗುವುದುಂಟು. ಹಿಂದೆ ಬಿದ್ದ ಪೆಟ್ಟನ್ನು ನೆನೆಯುವವರು ವಿರಳ.

ಹೀಗಿರಲು, ಇಂತಹ ನಿವೃತ್ತ ಕ್ರೀಡಾಪಟುಗಳ ಮಿದುಳಿನ ಗಾಯಕ್ಕೆ ಅಣಬೆಯಿಂದಲೂ ಬೇರುಗಳಿಂದಲೂ ದೊರೆಯುವ ಕೆಲವು ಮತ್ತಿನ ದ್ರವ್ಯಗಳೇ ಔಷಧವೆಂಬ ಮಾತು ಅಮೆರಿಕ ದೇಶದಿಂದ ಹೊರಟು ಇತ್ತೀಚೆಗೆ ನಮ್ಮ ಸೀಮೆಯವರೆಗೂ ಬಂದಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಗರಡಿಯವರಿಗೂ ಕಬಡ್ಡಿಯ ಆಟಗಾರರಿಗೂ ಈ ಮಾತು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದೇ ಇಲ್ಲಿ ವಿಚಾರಣೀಯ. ಇದು ವೈದ್ಯರ ವಿಷಯವಾಗಿದ್ದರೂ ಸಾಹಿತ್ಯಪತ್ರಿಕೆಯಲ್ಲಿ ಎತ್ತಿಕೊಳ್ಳಲು ಕಾರಣವುಂಟು. ಹಳ್ಳಿಯವನು ಹೊಸ ಮಾತಿನ ಅರ್ಥವನ್ನು ಮೊದಲು ಕೇಳುವುದು ಉಪಾಧ್ಯಾಯರನ್ನು. ಹೆಸರು ತಪ್ಪಿದರೆ ಅರ್ಥವೂ, ಅರ್ಥ ತಪ್ಪಿದರೆ ಆಚರಣೆಯೂ ತಪ್ಪುವುದು.

೨. ಗ್ರಂಥಗಳಲ್ಲಿ ಮಲ್ಲರು

ಮಲ್ಲವಿದ್ಯೆಯು ಕನ್ನಡನಾಡಿನಲ್ಲಿ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಪ್ರಕರಣವಿದೆ. ಮಲ್ಲರ ವರ್ಗಭೇದ, ಆಹಾರ, ವ್ಯಾಯಾಮ, ಪಟ್ಟುಗಳು ಅಲ್ಲಿ ನಿರೂಪಿತವಾಗಿವೆ. ಗುಜರಾತಿನ ಜ್ಯೇಷ್ಠಿಮಲ್ಲರಿಗೆ ಮಲ್ಲಪುರಾಣವೆಂಬ ಗ್ರಂಥವೇ ಉಂಟು. ಅದು ೧೯೬೪ರಲ್ಲಿ ಬರೋಡೆಯಲ್ಲಿ ಅಚ್ಚಾಯಿತು. ನಮ್ಮ ಜೆಟ್ಟಿ ಶಬ್ದವು ಈ ಜ್ಯೇಷ್ಠಿ ಶಬ್ದದ ತದ್ಭವ. ಜೆಟ್ಟಿಗಳು ಕಾಳಗದಲ್ಲಿ ಮಾತ್ರವಲ್ಲದೆ ಮುರಿದ ಎಲುಬನ್ನು ಕೂಡಿಸುವುದರಲ್ಲಿಯೂ ಹೆಸರಾದವರೆಂದು ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥದಿಂದ ತಿಳಿಯುತ್ತದೆ.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸನ ಬರವಣಿಗೆಯು ಪ್ರಕೃತ ವಿಷಯಕ್ಕೆ ಬಹಳ ಮುಖ್ಯವಾದುದು. ಅಲ್ಲಿಯ ಮಲ್ಲರ ಹೊಡೆತಗಳಿಂದ ಹಲ್ಲುಗಳು ಮುರಿಯುತ್ತಿದ್ದುವು, ಕಣ್ಣುಗಳು ಹೋಗುತ್ತಿದ್ದುವು, ಮುಖಗಳು ವಿಕಾರವಾಗುತ್ತಿದ್ದುವು ಎಂದು ಹೇಳಿ, ಕೆಲವರನ್ನು ಮಾತಿಲ್ಲದ ಸ್ಥಿತಿಯಲ್ಲಿ ಅವರ ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರೆಂದು ಅವನು ಬರೆದಿದ್ದಾನೆ. ಹಲ್ಲು ಕಣ್ಣುಗಳ ಹಾನಿಯು ಯಾರಿಗಾದರೂ ಕಾಣುವುದು; ಆದರೆ ಆ ಮಾತಿಲ್ಲದ ಮನುಷ್ಯನಿಗೆ ಆದುದು ಏನು? ಅದೇ ಮಿದುಳಿನ ಗಾಯ. ಮರುದಿನ ಅವನಿಗೆ ಮಾತು ಬಂದಿತೆ, ಹತ್ತು ವರ್ಷಗಳ ಮೇಲೆ ಅವನು ಹೇಗಿದ್ದನು ಎಂಬುದನ್ನು ಪೇಸನು ಹೇಳುವುದಿಲ್ಲ. ಕವಿಗಳ ರೀತಿಯೂ ಇದೇ. ವಿರಾಟನ ಆಸ್ಥಾನದಲ್ಲಿ ವಲಲನ ವೇಷದ ಭೀಮನಿಗೂ ಜೀಮೂತನೆಂಬ ಮಲ್ಲನಿಗೂ ನಡೆದ ಯುದ್ಧವನ್ನು ಓದುವಾಗ ನಮ್ಮ ಕಣ್ಣು ಗೆದ್ದವನ ಮೇಲೆ ನೆಟ್ಟಿರುತ್ತದೆ. ವೀರರಸವು ಕಾಳಗದೊಡನೆ ಮುಗಿಯುತ್ತದೆ. ಮಲ್ಲನ ಮುಪ್ಪಿಗೆ ಅಲ್ಲಿ ಎಡೆಯಿಲ್ಲ.

೩. ರಕ್ತ ಕಾಣದ ಗಾಯ

ಕವಿಗಳು ಬಿಟ್ಟ ಸಂಗತಿಯನ್ನು ವೈದ್ಯರು ಬಿಟ್ಟಿಲ್ಲ. ಸುಶ್ರುತನು ಶರೀರದಲ್ಲಿ ೧೦೭ ಮರ್ಮಗಳನ್ನು ಎಣಿಸಿ, ಅವುಗಳಲ್ಲಿ ೩೭ನ್ನು ಕೊರಳೂ ತಲೆಯೂ ಸೇರಿದ ಭಾಗದಲ್ಲಿಯೇ ಇಟ್ಟಿದ್ದಾನೆ. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಶಿರಸ್ಸು, ಹೃದಯ, ಬಸ್ತಿಗಳೆಂಬ ಮೂರು ಮರ್ಮಗಳನ್ನು ಪ್ರಧಾನವೆಂದು ಎತ್ತಿಹೇಳಿ, ಶಿರಸ್ಸಿಗೆ ಅಭಿಘಾತವಾದಾಗ ಕತ್ತು ಸೆಟೆಯುವುದು, ಮುಖ ಸೊಟ್ಟಗಾಗುವುದು, ದೃಷ್ಟಿ ತಿರುಗುವುದು, ಮೋಹ, ಚೇಷ್ಟೆಯ ನಾಶ, ಮೂಕತನ, ತೊದಲು ಮುಂತಾದುವು ತೋರುವುವೆಂದು ಹೇಳಿದೆ. ಇವುಗಳಲ್ಲಿ ರಕ್ತಸ್ರಾವದ ಹೆಸರಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಆಧುನಿಕರ ಶೋಧನೆಯು ಇದಕ್ಕೆ ಕಾರಣವನ್ನು ತೋರಿಸುತ್ತದೆ. ಮೊಸರಿನ ಗಡಿಗೆಯನ್ನು ಬಲವಾಗಿ ಕುಲುಕಿದರೆ ಗಡಿಗೆ ಒಡೆಯದಿದ್ದರೂ ಒಳಗಿನ ಹೆಪ್ಪು ಒಡೆಯುವುದಷ್ಟೆ. ಮಿದುಳು ಅಂತಹ ಮೃದುವಾದ ವಸ್ತು. ತಲೆಯು ಥಟ್ಟನೆ ತಿರುಗಿದಾಗ ಅಥವಾ ನಿಂತಾಗ ಬುರುಡೆಯು ಬಿರಿಯದೆಯೇ ಒಳಗಿನ ಸೂಕ್ಷ್ಮವಾದ ನರತಂತುಗಳು ಜಗ್ಗಿ ಹರಿಯುತ್ತವೆ. ಒಂದು ಪೆಟ್ಟಿನಿಂದಾದ ಇಂತಹ ಕ್ಷತಿಯು ಅನೇಕರಿಗೆ ವಿಶ್ರಾಂತಿಯಿಂದ ವಾಸಿಯಾಗುತ್ತದೆ. ವರ್ಷಾನುವರ್ಷ ಪೆಟ್ಟುಗಳು ಬೀಳುತ್ತಿದ್ದರೆ ಕೆಲವರ ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟುಗಟ್ಟಿ, ಆಟವನ್ನು ಬಿಟ್ಟ ಎಷ್ಟೋ ಕಾಲದ ಮೇಲೆ ಮರೆವು, ಕೋಪ, ವಿಷಾದ, ನಡೆನುಡಿಗಳ ತಡವರಿಕೆಗಳಾಗಿ ಹೊರಗೆ ಬರುತ್ತದೆ.

೧೯೨೮ರಲ್ಲಿ ಅಮೆರಿಕದ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ವೈದ್ಯನು ಮುಷ್ಟಿಮಲ್ಲರಲ್ಲಿ ಈ ಸ್ಥಿತಿಯನ್ನು ವರ್ಣಿಸಿದನು. ಕುಡಿಯದವನೂ ಕುಡಿದವನಂತೆ ತೂರಾಡುವನೆಂಬ ಅರ್ಥದ ಹೆಸರು ಅದಕ್ಕೆ ಆಗಲೇ ರೂಢಿಯಲ್ಲಿತ್ತು. ೨೦೦೨ರಲ್ಲಿ, ೫೦ನೆಯ ವಯಸ್ಸಿನಲ್ಲಿ ತೀರಿಕೊಂಡ ಮೈಕ್ ವೆಬ್‌ಸ್ಟರ್ ಎಂಬ ಅಮೆರಿಕದ ಫುಟ್ಬಾಲ್ ಆಟಗಾರನ ಮಿದುಳನ್ನು ಬೆನೆಟ್ ಒಮಾಲು ಎಂಬ ವೈದ್ಯನು ಪರೀಕ್ಷಿಸಿ ೨೦೦೫ರಲ್ಲಿ ಫಲವನ್ನು ಪ್ರಕಟಿಸಿದ ಮೇಲೆ ಇದು ಜಗತ್ತಿಗೆಲ್ಲ ತಿಳಿಯಿತು. ೨೦೧೭ರಲ್ಲಿ ಬಾಸ್ಟನ್ನಿನ ವಿದ್ವಾಂಸರು ಆ ದೇಶದ ಅತ್ಯುಚ್ಚ ಪಂಕ್ತಿಯ ೧೧೧ ಆಟಗಾರರ ಮಿದುಳುಗಳಲ್ಲಿ ೧೧೦ರಲ್ಲಿ ಈ ವಿಕಾರವನ್ನು ಕಂಡರು. ಆದರೆ ಅವು ಮರಣಾನಂತರ ದಾನವಾಗಿ ಬಂದ ಮಿದುಳುಗಳು; ರೋಗವನ್ನು ಶಂಕಿಸಿದ ಮನೆಯವರೇ ಹೆಚ್ಚಾಗಿ ದಾನ ಮಾಡುವರಾದುದರಿಂದ, ಆಡಿದವರೆಲ್ಲರಿಗೂ ಇದೇ ಗತಿಯೆಂದು ಊಹಿಸುವುದು ಸಲ್ಲದು. ಈ ವ್ಯಾಧಿಯ ಖಚಿತವಾದ ನಿರ್ಣಯವು ಇಂದಿಗೂ ಮರಣಾನಂತರವೇ ಸಾಧ್ಯ.

೪. ಹೆಸರಿನ ವಿಚಾರ

ಈಗ ಔಷಧವೆಂದು ಹೇಳಲ್ಪಡುವ ದ್ರವ್ಯಗಳ ಕಡೆಗೆ ತಿರುಗೋಣ. ಸ್ವಿಟ್ಜರ್ಲೆಂಡಿನ ರಸಾಯನಜ್ಞ ಆಲ್ಬರ್ಟ್ ಹಾಫ್‌ಮನ್ನನು ೧೯೩೮ರಲ್ಲಿ ಎಲ್‌ಎಸ್‌ಡಿ ಎಂಬ ದ್ರವ್ಯವನ್ನು ಸಿದ್ಧಪಡಿಸಿ, ೧೯೪೩ರಲ್ಲಿ ಅದರ ಚಿತ್ತಪ್ರಭಾವವನ್ನು ಕಂಡುಕೊಂಡನು. ಮೆಕ್ಸಿಕೋ ದೇಶದ ಮೂಲನಿವಾಸಿಗಳು ಪೂಜಾಕರ್ಮಗಳಲ್ಲಿ ಉಪಯೋಗಿಸುತ್ತಿದ್ದ ಅಣಬೆಯ ಸಾರವಾದ ಸೈಲೋಸೈಬಿನ್ನನ್ನು ಬೇರ್ಪಡಿಸಿದವನೂ ಅವನೇ. ಅದು ೧೯೫೮ರ ಸಂಗತಿ. ಈ ವರ್ಗಕ್ಕೆ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯನು ಗ್ರೀಕ್ ಭಾಷೆಯ ಎರಡು ಶಬ್ದಗಳನ್ನು ಸೇರಿಸಿ ಸೈಕೆಡೆಲಿಕ್ ಎಂಬ ಹೆಸರನ್ನು ಕೊಟ್ಟನು. ಮನಸ್ಸನ್ನು ವ್ಯಕ್ತಪಡಿಸುವುದು ಎಂದು ಅದರ ಅರ್ಥ.

ಕನ್ನಡದಲ್ಲಿ ಇದನ್ನು ಏನೆನ್ನಬೇಕು? ಮನೋವಿಕಾಸಿ ಎಂಬುದು ಕೇಳಲು ಇಂಪಾಗಿದೆ. ಆದರೆ ವೈದ್ಯಶಾಸ್ತ್ರದಲ್ಲಿ ವಿಕಾಸಿ ಎಂಬುದು ವಿಷಕ್ಕೂ ಮದ್ಯಕ್ಕೂ ಹೇಳಿದ ಗುಣಗಳಲ್ಲಿ ಒಂದು; ಅಲ್ಲಿ ಅದರ ಅರ್ಥ ಅರಳಿಸುವುದಲ್ಲ, ಸಂಧಿಬಂಧಗಳನ್ನು ಸಡಿಲಿಸುವುದು. ಶಾರ್ಙ್ಗಧರನು ಇದಕ್ಕೆ ಅಡಕೆಯನ್ನೂ ಹಾರಕವನ್ನೂ ಉದಾಹರಿಸಿ, ಜೀರ್ಣವಾಗುವುದಕ್ಕೆ ಮೊದಲೇ ಮೈಯೆಲ್ಲ ವ್ಯಾಪಿಸುವ ವ್ಯವಾಯಿ ದ್ರವ್ಯಕ್ಕೆ ಭಂಗಿಯನ್ನೂ ಅಫೀಮನ್ನೂ, ಬುದ್ಧಿಯನ್ನು ಲೋಪಗೊಳಿಸುವ ಮದಕಾರಿಗೆ ಮದ್ಯವನ್ನೂ ಉದಾಹರಿಸುತ್ತಾನೆ. ಚಿತ್ತಪ್ರಕಾಶಕ ಎಂದರೋ, ಹೆಸರೇ ಪ್ರಶಂಸೆಯಾಗಿಬಿಡುತ್ತದೆ. ಆದುದರಿಂದ ಅಲಂಕಾರಶಾಸ್ತ್ರದ ಶಬ್ದವನ್ನು ತೆಗೆದುಕೊಂಡು ಚಿತ್ತವ್ಯಂಜಕ ಎನ್ನುವುದು ಯುಕ್ತವೆಂದು ತೋರುತ್ತದೆ. ದೀಪವು ಇರುವ ಗಡಿಗೆಯನ್ನು ತೋರಿಸುವುದೇ ಹೊರತು ಇಲ್ಲದುದನ್ನು ಹುಟ್ಟಿಸುವುದಿಲ್ಲ; ಕೋಣೆಯಲ್ಲಿ ಹಾವಿದ್ದರೆ ಅದನ್ನೂ ತೋರಿಸುತ್ತದೆ. ಈ ದ್ರವ್ಯಗಳ ಸೇವನೆಯಿಂದ ಒಬ್ಬನಿಗೆ ಶಾಂತಿಯೂ ಮತ್ತೊಬ್ಬನಿಗೆ ಘೋರವಾದ ಭಯವೂ ಉಂಟಾಗುವುದನ್ನು ಈ ಹೆಸರು ಚೆನ್ನಾಗಿ ಸೂಚಿಸುತ್ತದೆ.

೫. ಪೂರ್ವಪಕ್ಷ

ಚಿತ್ತವ್ಯಂಜಕಗಳು ಮಿದುಳಿನ ಗಾಯಕ್ಕೆ ಔಷಧವೆನ್ನುವವರ ಪಕ್ಷವನ್ನು ಮೊದಲು ನ್ಯಾಯವಾಗಿ ಹೇಳಬೇಕು. ಅವರ ಉಪಪತ್ತಿಗಳು ಮೂರು.

ಮೊದಲನೆಯದು, ಪ್ರಾಣಿಗಳಲ್ಲಿ ಕಂಡುದು. ೨೦೨೧ರಲ್ಲಿ ಯೇಲ್ ವಿಶ್ವವಿದ್ಯಾನಿಲಯದವರು ಇಲಿಗಳಿಗೆ ಒಂದು ಸಲ ಸೈಲೋಸೈಬಿನ್ನನ್ನು ಕೊಟ್ಟಾಗ, ಮಿದುಳಿನ ಮುಂಭಾಗದ ನರಕೋಶಗಳು ಒಂದರೊಡನೊಂದು ಕೂಡುವ ಸೂಕ್ಷ್ಮವಾದ ಮೊಳಕೆಗಳು ಶೇಕಡ ಸುಮಾರು ೧೦ರಷ್ಟು ಹೆಚ್ಚಿ, ಅವುಗಳಲ್ಲಿ ಕೆಲವು ಒಂದು ತಿಂಗಳ ಮೇಲೆಯೂ ಉಳಿದಿದ್ದುವು. ಹರಿದ ಬಲೆಯನ್ನು ಮತ್ತೆ ಹೆಣೆಯಲು ಇದು ಸಹಾಯಕವಾದೀತೆಂದು ಅವರ ಆಸೆ.

ಎರಡನೆಯದು, ಮನುಷ್ಯರಲ್ಲಿ ನಡೆದ ಪ್ರಯೋಗಗಳು. ೨೦೨೨ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಬೇರೆ ಔಷಧಗಳಿಗೆ ಬಗ್ಗದ ವಿಷಾದರೋಗವುಳ್ಳ ೨೩೩ ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ ೨೫, ೧೦ ಮತ್ತು ೧ ಮಿಲಿಗ್ರಾಮಿನಂತೆ ಸೈಲೋಸೈಬಿನ್ ಕೊಡಲಾಯಿತು. ಮೂರು ವಾರಗಳ ಮೇಲೆ ೨೫ ಮಿಲಿಗ್ರಾಂ ಪಡೆದವರ ವಿಷಾದವು ೧ ಮಿಲಿಗ್ರಾಂ ಪಡೆದವರಿಗಿಂತ ಹೆಚ್ಚಾಗಿ ತಗ್ಗಿತ್ತು. ಮಿದುಳಿನ ಗಾಯಕ್ಕೆ ಇನ್ನೂ ಸಮೀಪವಾದುದು ೨೦೨೪ರಲ್ಲಿ ಸ್ಟ್ಯಾನ್‌ಫರ್ಡಿನವರು ಪ್ರಕಟಿಸಿದುದು: ತಲೆಗೆ ಪೆಟ್ಟಾಗಿದ್ದ ೩೦ ಮಂದಿ ನಿವೃತ್ತ ಅಮೆರಿಕನ್ ಯೋಧರು ಮೆಕ್ಸಿಕೋದಲ್ಲಿ ಐಬೊಗೇನ್ ಎಂಬ ಆಫ್ರಿಕದ ಬೇರಿನ ಸಾರವನ್ನು ಮೆಗ್ನೀಸಿಯಮ್ಮಿನೊಡನೆ ತೆಗೆದುಕೊಂಡು, ಒಂದು ತಿಂಗಳ ಮೇಲೆಯೂ ವಿಷಾದ, ಆತಂಕ, ಅಸಾಮರ್ಥ್ಯಗಳಲ್ಲಿ ಬಹಳ ಇಳಿಕೆಯನ್ನು ತೋರಿಸಿದರು.

ಮೂರನೆಯದು, ಅನುಭವಿಗಳ ವಾಕ್ಯ. ಪದೇಪದೇ ತಲೆಗೆ ಪೆಟ್ಟು ತಿಂದು ೨೦೧೫ರಲ್ಲಿ ನಿವೃತ್ತನಾದ ಡ್ಯಾನಿಯಲ್ ಕಾರ್ಸಿಲೊ ಎಂಬ ಹಿಮಹಾಕಿ ಆಟಗಾರನು ತನ್ನ ಬಾಧೆಗಳು ಸೈಲೋಸೈಬಿನ್ನಿನಿಂದ ಶಮನವಾದುವೆಂದು ಬಹಿರಂಗವಾಗಿ ಹೇಳಿದ್ದಾನೆ. ಈ ಮಾತನ್ನು ಸುಳ್ಳೆನ್ನಲು ಕಾರಣವಿಲ್ಲ.

೬. ಉತ್ತರಪಕ್ಷ

ಈ ಮೂರನ್ನೂ ನಮ್ಮ ಶಾಸ್ತ್ರಗಳ ಪ್ರಮಾಣವಿಚಾರದಿಂದಲೇ ಪರೀಕ್ಷಿಸಬಹುದು. ಮದ್ದನ್ನು ಕೊಟ್ಟಾಗ ಗುಣವಾಯಿತೆಂಬುದು ಅನ್ವಯ ಮಾತ್ರ. ಕೊಡದಿದ್ದಾಗ ಗುಣವಾಗಲಿಲ್ಲವೆಂಬ ವ್ಯತಿರೇಕವು ಕೂಡಿದಲ್ಲದೆ ಕಾರ್ಯಕಾರಣಭಾವವು ನಿಲ್ಲುವುದಿಲ್ಲ. ಆ ೩೦ ಮಂದಿ ಯೋಧರ ಪ್ರಯೋಗದಲ್ಲಿ ಮದ್ದಿಲ್ಲದ ಹೋಲಿಕೆಯ ಗುಂಪು ಇರಲಿಲ್ಲ. ಇಲ್ಲಿಯೇ ಉಪಾಧಿಶಂಕೆಯೂ ಬರುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಹೇಳುವವನಿಗೆ ನೈಯಾಯಿಕನು, ಹೊಗೆಗೆ ಕಾರಣ ಹಸಿಯ ಸೌದೆ ಎಂದು ತೋರಿಸುವಂತೆ, ಗುಣಕ್ಕೆ ಕಾರಣವು ಮದ್ದೋ, ಇಲ್ಲವೆ ದೂರದೇಶಕ್ಕೆ ಹೋಗಿ ಬಂದ ಆಸೆಯೋ, ಜೊತೆಗಾರರ ಸಹವಾಸವೋ, ವೈದ್ಯರ ಆರೈಕೆಯೋ ಎಂದು ಕೇಳಬೇಕಾಗುತ್ತದೆ. ಸಾಧಾರಣವಾದ ಔಷಧಗಳಲ್ಲಿ ಯಾರಿಗೆ ನಿಜವಾದ ಮದ್ದು ಸಿಕ್ಕಿತೆಂಬುದನ್ನು ಗುಟ್ಟಾಗಿಟ್ಟು ಈ ಶಂಕೆಯನ್ನು ಕಳೆಯುವರು. ಚಿತ್ತವ್ಯಂಜಕಗಳಲ್ಲಿ ಅದೂ ಕಷ್ಟ. ತೆಗೆದುಕೊಂಡವನಿಗೆ ಗಳಿಗೆಯೊಳಗಾಗಿ ಗುಟ್ಟು ತಿಳಿದುಹೋಗುತ್ತದೆ. ಸಮೀಪವರ್ಗದ ಎಂಡಿಎಂಎ ಎಂಬ ದ್ರವ್ಯದ ಚಿಕಿತ್ಸೆಗೆ ೨೦೨೪ರ ಆಗಸ್ಟಿನಲ್ಲಿ ಅಮೆರಿಕದ ಔಷಧಾಧಿಕಾರಿಗಳು ಅನುಮತಿಯನ್ನು ನಿರಾಕರಿಸಿದಾಗ ಚರ್ಚೆಗೆ ಬಂದ ದೋಷಗಳಲ್ಲಿ ಇದೂ ಒಂದು.

ಇಲಿಗಳ ಪ್ರಯೋಗದಲ್ಲಿ ಕಂಡ ಮೊಳಕೆಗಳು ಪೆಟ್ಟುತಿಂದ ಮಿದುಳಿನವಲ್ಲ. ಯೋಧರ ಗಾಯವು ಬಹುಮಟ್ಟಿಗೆ ಸ್ಫೋಟಗಳದು. ಇಪ್ಪತ್ತು ವರ್ಷ ಸಾಮು ಮಾಡಿದ ಮಲ್ಲನ ಗಾಯಕ್ಕೂ ಅದಕ್ಕೂ ಸಾಮ್ಯವು ಪೂರ್ಣವಲ್ಲ. ಎಲ್ಲಕ್ಕಿಂತಲೂ ಮುಖ್ಯವಾಗಿ, ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಗಾಯಗೊಂಡವನ ವಿಷಾದವು ತಗ್ಗುವುದು ಒಂದು. ಗಾಯವೇ ಮಾಯುವುದು ಮತ್ತೊಂದು. ಮೊದಲನೆಯದಕ್ಕೆ ಆಧಾರವು ಬೆಳೆಯುತ್ತಿದೆ. ಆಸ್ಟ್ರೇಲಿಯ ದೇಶವು ೨೦೨೩ರ ಜುಲೈಯಿಂದ ವಿಶೇಷಾನುಮತಿ ಪಡೆದ ಮನೋವೈದ್ಯರಿಗೆ ಸೈಲೋಸೈಬಿನ್ನನ್ನು ಕೊಡುವ ಅಧಿಕಾರವನ್ನು ಕೊಟ್ಟಿರುವುದೂ ವಿಷಾದರೋಗಕ್ಕೇ ಹೊರತು ಮಿದುಳಿನ ಗಾಯಕ್ಕಲ್ಲ. ಎರಡನೆಯದು ಪ್ರತಿಜ್ಞೆಯಾಗಿದೆ, ಸಿದ್ಧಾಂತವಾಗಿಲ್ಲ. ಕಾರ್ಸಿಲೊವಿನ ಮಾತು ಅವನ ಮಟ್ಟಿಗೆ ಸತ್ಯವಾಗಿದ್ದರೂ ಒಬ್ಬನ ಅನುಭವದಿಂದ ಎಲ್ಲರಿಗೂ ವಿಧಿ ಹುಟ್ಟುವುದಿಲ್ಲ.

ಅಪಾಯಗಳೂ ಅಲ್ಪವಲ್ಲ. ೨೦೨೨ರ ಪ್ರಯೋಗದಲ್ಲಿ ತಲೆನೋವು, ಓಕರಿಕೆ, ತಲೆಸುತ್ತುಗಳಲ್ಲದೆ ಆತ್ಮಹತ್ಯೆಯ ಆಲೋಚನೆಯೂ ಮೂರು ಗುಂಪುಗಳ ಕೆಲವರಲ್ಲಿ ಕಂಡುಬಂದಿತು. ಐಬೊಗೇನ್ ಹೃದಯದ ಬಡಿತದ ಲಯವನ್ನು ಕೆಡಿಸಿ ಪ್ರಾಣವನ್ನು ತೆಗೆದ ದೃಷ್ಟಾಂತಗಳಿವೆ. ಸೈಲೋಸೈಬಿನ್, ಎಲ್‌ಎಸ್‌ಡಿ ಮುಂತಾದುವು ಭಾರತದ ೧೯೮೫ರ ಮಾದಕದ್ರವ್ಯ ಕಾಯಿದೆಯ ಪಟ್ಟಿಯಲ್ಲಿವೆ. ವೈದ್ಯಕೀಯ ಅಥವಾ ವೈಜ್ಞಾನಿಕ ಪ್ರಯೋಜನಕ್ಕಾಗಿ ವಿಧಿಸಿದ ಕ್ರಮವನ್ನು ಬಿಟ್ಟು ಅವುಗಳನ್ನು ಇಟ್ಟುಕೊಳ್ಳುವುದೂ ಅಪರಾಧ.

೭. ಸಂಕರದಿಂದ ಬರುವ ಕೇಡು

ನಮ್ಮ ಸೀಮೆಗೆ ವಿಶೇಷವಾದ ಒಂದು ಭಯವುಂಟು. ಜನರ ಮಾತಿನಲ್ಲಿ ಮತ್ತೇರಿಸುವುದೆಲ್ಲ ಒಂದೇ ಜಾತಿ. ಅಣಬೆಯ ಸಾರವು ಔಷಧವಾದರೆ ಹಿತ್ತಿಲ ಉಮ್ಮತ್ತವೇಕೆ ಆಗಬಾರದೆಂದು ಯಾರಾದರೂ ಕೇಳಿಯಾರು. ಉಮ್ಮತ್ತ ಎಂಬುದು ಉನ್ಮತ್ತ ಶಬ್ದದ ತದ್ಭವ. ಮದಗುಣಿಕೆ ಎಂಬ ಹೆಸರಿನಲ್ಲಿಯೂ ಮದವೇ ಇದೆ. ಆದರೆ ಈ ಗಿಡವು ಚಿತ್ತವ್ಯಂಜಕವಲ್ಲ. ಸೈಲೋಸೈಬಿನ್ ಮಿದುಳಿನ ಸಿರೊಟೋನಿನ್ ಎಂಬ ರಸದ ದ್ವಾರಗಳಲ್ಲಿ ಕೆಲಸಮಾಡಿದರೆ, ಉಮ್ಮತ್ತವು ನೆನಪಿಗೆ ಆಧಾರವಾದ ಅಸಿಟೈಲ್‌ಕೋಲಿನ್ ಎಂಬ ರಸವನ್ನೇ ತಡೆಯುತ್ತದೆ. ನೆನಪು ಕುಂದಿದವನಿಗೆ ಅದನ್ನು ಕೊಡುವುದು ಕುರುಡನ ಕೈಕೋಲನ್ನು ಕಿತ್ತುಕೊಂಡಂತೆ. ಪ್ರಮಾಣ ಮೀರಿದರೆ ಅದು ಕೊಲ್ಲುತ್ತದೆ.

ಐಬೊಗೇನ್ ಕೊಡುವ ಆಫ್ರಿಕದ ಗಿಡವು ನಮ್ಮ ನಂದಿಬಟ್ಟಲಿನ ಕುಲದ್ದೆಂಬುದು ನಿಜ. ಆದರೆ ಪ್ರಾಣಾಂತಕವಾದ ಕಣಗಿಲೆಯೂ ಅದೇ ಕುಲದ್ದು. ಕುಲವನ್ನು ನೋಡಿ ಮದ್ದನ್ನು ಅರೆಯುವುದು ಸಲ್ಲದು. ಮಳೆಗಾಲದಲ್ಲಿ ಹುತ್ತದ ಅಣಬೆಯನ್ನು ಆರಿಸಿ ತಿನ್ನುವವರಿಗೆ ನಾಯಿಕೊಡೆಯ ವಿಷಯದಲ್ಲಿ ಎಚ್ಚರವಿದ್ದೇ ಇದೆ. ಮದ್ದಿನ ಆಸೆಯಿಂದ ಆ ಎಚ್ಚರವು ತಪ್ಪಬಾರದು. ಯಕೃತ್ತನ್ನು ಹಾಳುಮಾಡುವ ಅಣಬೆಗಳನ್ನು ರೂಪದಿಂದ ಗುರುತಿಸುವುದು ಅನುಭವಿಗಳಿಗೂ ದುಸ್ಸಾಧ್ಯ.

ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಉತ್ತಮವಾದ ಔಷಧವಾಗುವುದು, ಔಷಧವೂ ಯುಕ್ತಿಗೆಟ್ಟರೆ ವಿಷವಾಗುವುದು ಎಂಬುದು ಚರಕನ ಮತ. ಇದರ ಪೂರ್ವಾರ್ಧವನ್ನು ಹಿಡಿದು ಉತ್ತರಾರ್ಧವನ್ನು ಬಿಡುವವರು ಬಹಳ. ಯುಕ್ತಿಯೆಂದರೆ ಮಾತ್ರೆ, ಕಾಲ, ರೋಗಿಯ ಬಲ, ವೈದ್ಯನ ಸನ್ನಿಧಿ ಇವೆಲ್ಲವುಗಳ ಯೋಜನೆ. ಮೇಲೆ ಹೇಳಿದ ಪ್ರಯೋಗಗಳಲ್ಲಿಯೂ ತೂಗಿದ ಮಾತ್ರೆ, ಮೊದಲೇ ನಡೆದ ಪರೀಕ್ಷೆ, ಪಕ್ಕದಲ್ಲಿ ಕುಳಿತ ವೈದ್ಯ ಇವು ಇದ್ದುವು. ನಮ್ಮಲ್ಲಿಯೂ ವಿಷವಿಚಾರವನ್ನೇ ವಿಷಯವಾಗುಳ್ಳ ಮಂಗರಾಜನ ಖಗೇಂದ್ರಮಣಿದರ್ಪಣದಂತಹ ಕನ್ನಡ ಗ್ರಂಥವು ೧೪ನೆಯ ಶತಮಾನದಲ್ಲಿಯೇ ಹುಟ್ಟಿತು. ಮದ್ದು ಎಂಬ ಕನ್ನಡ ಶಬ್ದವು ಔಷಧವನ್ನೂ, ಮದ್ದಿಕ್ಕುವುದೆಂಬ ಮಾತಿನಲ್ಲಿ ವಿಷವನ್ನೂ ಹೇಳುವುದು ಈ ವಿವೇಕದ ಗುರುತು.

೮. ನಿರ್ಣಯ

ಆದುದರಿಂದ ಫಲಿತಾರ್ಥವಿದು. ಚಿತ್ತವ್ಯಂಜಕ ದ್ರವ್ಯಗಳು ತಿರಸ್ಕಾರಕ್ಕೆ ಅರ್ಹವಲ್ಲ, ಪರೀಕ್ಷೆಗೆ ಅರ್ಹ. ಆದರೆ ಪರೀಕ್ಷೆಯಲ್ಲಿರುವುದನ್ನು ಚಿಕಿತ್ಸೆಯೆಂದು ನಂಬಿ ಒಬ್ಬ ಮಲ್ಲನಾದರೂ ತನ್ನ ಉಳಿದ ಬುದ್ಧಿಯನ್ನು ಪಣವಾಗಿ ಒಡ್ಡುವುದು ಯೋಗ್ಯವಲ್ಲ.

ಈಗಲೇ ಕೈಗೂಡುವ ಸಾಧನಗಳು ಬೇರೆ ಇವೆ. ತಲೆಗೆ ಪೆಟ್ಟು ಬಿದ್ದು ಮಂಕುಕವಿದವನನ್ನು ಆ ದಿನ ಮತ್ತೆ ಮಟ್ಟಿಗಾಗಲಿ ಅಂಗಳಕ್ಕಾಗಲಿ ಇಳಿಸತಕ್ಕದ್ದಲ್ಲ; ಒಂದೆರಡು ದಿನ ವಿಶ್ರಾಂತಿ ಕೊಟ್ಟು, ಬಾಧೆಗಳು ಕಳೆದ ಮೇಲೆ ಮೆಲ್ಲಮೆಲ್ಲನೆ ಸಾಮಿಗೆ ತರಬೇಕು. ಹೆಚ್ಚುವ ತಲೆನೋವು, ವಾಂತಿ, ತೂಕಡಿಕೆ, ತೊದಲು, ಸೆಳವು ಇವುಗಳಲ್ಲಿ ಒಂದು ತೋರಿದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಿವೃತ್ತನಾದವನ ಮರೆವು, ಕೋಪ, ವಿಷಾದಗಳನ್ನು ನಡತೆಯ ದೋಷವೆಂದು ಬಯ್ಯದೆ ವೈದ್ಯನಿಗೆ ತೋರಿಸಿ, ಹಿಂದಿನ ಪೆಟ್ಟುಗಳ ವೃತ್ತಾಂತವನ್ನು ಹೇಳಬೇಕು. ಅವನ ನಿದ್ರೆಯನ್ನು ಕಾಯುವುದು, ಮದ್ಯವನ್ನು ಬಿಡಿಸುವುದು, ವಿಷಾದಕ್ಕೆ ರೂಢಿಯ ಚಿಕಿತ್ಸೆಯನ್ನು ಮಾಡಿಸುವುದು ಇವುಗಳಿಂದ ಗುಣ ಕಾಣುವವರು ಅನೇಕರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ನಾಲ್ಕೂ ಊರುಗಳಿಗೆ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರವಿದೆ. ೧೯೯೫ರಲ್ಲಿ ಸ್ಥಾಪಿತವಾದ ಅಲ್ಲಿಯ ಮಿದುಳಿನ ಭಂಡಾರವು ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗ��ಗಿ ಕಾಪಾಡುತ್ತದೆ. ಮರಣಾನಂತರವೇ ನಿರ್ಣಯವಾಗುವ ಈ ವ್ಯಾಧಿಯ ವಿಷಯದಲ್ಲಿ ಮುಂದಿನವರಿಗೆ ಬೆಳಕು ಬರಬೇಕಾದ ದಾರಿಗಳಲ್ಲಿ ಅದೂ ಒಂದು.

ಸಾಹಿತ್ಯೋಪಾಧ್ಯಾಯರಿಗೆ ಉಳಿಯುವ ಕೆಲಸವು ಹೆಸರಿಡುವುದು. ಶಿರೋಭಿಘಾತವೆಂಬ ಸಂಸ್ಕೃತ ಶಬ್ದವು ಗ್ರಂಥಕ್ಕೆ ಸಾಕು, ಗರಡಿಗೆ ಸಾಲದು. ಅಲ್ಲಿ ಒಳಪೆಟ್ಟು ಎಂಬ ಅಚ್ಚಗನ್ನಡ ಮಾತೇ ಸಲ್ಲುತ್ತದೆ. ರಕ್ತ ಕಂಡರೆ ಕಾಳಗ ನಿಲ್ಲಬೇಕೆಂದು ಹಿರಿಯರು ಕಟ್ಟಳೆಯಿಟ್ಟರು. ಒಳಪೆಟ್ಟು ಬಿದ್ದರೂ ನಿಲ್ಲಬೇಕೆಂದು ಅದಕ್ಕೆ ಒಂದು ಮಾತನ್ನು ಸೇರಿಸುವುದು ಕಷ್ಟವಲ್ಲ. ಆ ಒಂದು ಮಾತು ಉಸ್ತಾದರ ಬಾಯಲ್ಲಿ ನೆಲೆಗೊಂಡರೆ, ಮುಂದೆ ಯಾವ ಮದ್ದನ್ನೂ ಹುಡುಕಬೇಕಾಗಿ ಬಾರದ ಮಲ್ಲರ ಸಂಖ್ಯೆಯು ಹೆಚ್ಚುವುದು.